ಕಾಕಂಬಿಯಲ್ಲಿ ಒಂಬತ್ತು ದಿನ

ಮನುಷ್ಯನ ಅಧಃಪತನಕ್ಕೆ ಕಾಮ, ಕ್ರೋಧ, ಲೋಭ ಮೊದಲಾದ ಆರು ವೈರಿಗಳೇ ಕಾರಣವೆಂದು ಹಿರಿಯರು ಹೇಳಿಟ್ಟಿದ್ದಾರೆ. ನನ್ನ ವಿಷಯದಲ್ಲಿ ಕಾರಣ ಇರುವೆಗಳು.

ಹೋದ ತಿಂಗಳು ಧಾರವಾಡದ ಸಪ್ತಾಪುರದ ನಮ್ಮ ಮನೆಯ ಮುಂದೆ, ದನದ ಮೇವಿನ ಅಂಗಡಿಗೆ ಹೊರಟಿದ್ದ ಟೆಂಪೋದಿಂದ ಡಬ್ಬಿಯೊಂದು ಉರುಳಿ ಬಿದ್ದು ಒಡೆಯಿತು. ಒಳಗಿನಿಂದ ಕಪ್ಪಗೆ, ಗಟ್ಟಿಯಾಗಿ, ಯಾವ ಅವಸರವೂ ಇಲ್ಲದೆ ಕಾಕಂಬಿ ಹರಿಯತೊಡಗಿತು. ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುತ್ತದಲ್ಲ, ಆ ರಸ. ಅದರ ವಾಸನೆ ಬೆಲ್ಲದ್ದೂ ಅಲ್ಲ, ಹೆಂಡದ್ದೂ ಅಲ್ಲ. ಎರಡರಲ್ಲಿ ಯಾವುದಾಗಬೇಕೆಂದು ನಿರ್ಧರಿಸಲಾಗದೆ ನಡುವೆ ನಿಂತುಬಿಟ್ಟ ವಾಸನೆ. ಕಾಲೇಜಿನ ಹುಡುಗರು ಮೂಗು ಮುಚ್ಚಿಕೊಂಡು ದಾಟಿಹೋದರು. ನಾನು ಗೇಟು ಹಿಡಿದುಕೊಂಡು ನಿಂತೇ ಇದ್ದೆ. ಗಾಡಿ ರಿಪೇರಿಯ ಮಿಸ್ತ್ರಿ ನೆನಪಾಗಿದ್ದರು...

ತೊಂಬತ್ತರ ದಶಕದ ಕೊನೆಯ ಮಾತು. ಹುಬ್ಬಳ್ಳಿಯಲ್ಲಿ ನಮ್ಮಜ್ಜನ ಕಾಲದ ಹತ್ತಿ ಅರೆಯುವ ಗಿರಣಿಯ ಜಾಗ ಪಾಲಾಯಿತು. ಅಣ್ಣಂದಿರು ಜಾಗ ತೆಗೆದುಕೊಂಡರು. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನಾದ್ದರಿಂದ ನನಗೆ ಇತಿಹಾಸವೇ ಸಿಕ್ಕಿತು: ಗಿರಣಿಯ ಹಿಂದೆ ಮೂವತ್ತು ವರ್ಷದಿಂದ ನಿಂತಿದ್ದ ಅಜ್ಜನ ಪೆಟ್ರೋಲ್ ಲಾರಿ. ದೊಡ್ಡ ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಕೊಂಡದ್ದಂತೆ. ನಾನು ನೋಡಿದಾಗ ಅದರ ಇಂಜಿನ್ನಿನ ಸಂದಿನಿಂದ ಒಂದು ಜಾಲಿಗಿಡ ಬೆಳೆದಿತ್ತು, ಸೀಟಿನ ಮೇಲೆ ಒಂದು ಕೋಳಿ ಕಾವು ಕೂತಿತ್ತು. ಉಳಿದದ್ದೆಲ್ಲ ತುಕ್ಕು.

ಇದನ್ನು ಮತ್ತೆ ಓಡಿಸಬೇಕೆಂಬ ಹುಚ್ಚು ನನಗೆ ಹೇಗೆ ಹತ್ತಿತೋ. ಯಾರೋ ಗೋಕುಲ ರಸ್ತೆಯ ಕಡೆಗೆ ಕೈ ತೋರಿಸಿದರು. ಅಲ್ಲಿ ತಗಡಿನ ಶೆಡ್ಡಿನಲ್ಲಿ ಮಿಸ್ತ್ರಿ ಇದ್ದರು. ಐವತ್ತೈದು ದಾಟಿದ ವಯಸ್ಸು, ಖಾಕಿ ಅಂಗಿ, ಕಿವಿಯ ಸಂದಿನಲ್ಲಿ ಸದಾ ಒಂದು ಪೆನ್ಸಿಲ್ ಚೂರು. ಊರಿನ ಗಾಡಿಗಳೆಲ್ಲ ಡೀಸಲ್ಲಿಗೆ ತಿರುಗಿದ್ದವು. ಹಳೆಯ ಪೆಟ್ರೋಲ್ ಇಂಜಿನ್ನಿನ ಕೆಲಸ ಬಲ್ಲವರಿಗೆ ಗೌರವ ಬಹಳವಿತ್ತು, ಗಿರಾಕಿ ಇರಲಿಲ್ಲ. ಮಿಸ್ತ್ರಿ ಲಾರಿಯ ಸುತ್ತ ಒಂದು ಸುತ್ತು ಹಾಕಿದರು, ಬಾನೆಟ್ಟಿಗೆ ಕಿವಿ ಹಚ್ಚಿ ನಿಂತರು, ಆಮೇಲೆ ನನ್ನ ಕಡೆ ತಿರುಗಿ ಡಾಕ್ಟರರ ಗಾಂಭೀರ್ಯದಿಂದ ಹೇಳಿದರು:

"ನಿಮ್ಮಜ್ಜಾರು ಸತ್ತಿಲ್ರಿ ಸರ. ಮಕ್ಕೊಂಡಾರ, ಅಷ್ಟ."

ಅಂದಿನಿಂದ ಲಾರಿಯ ಹೆಸರೇ 'ನಿಮ್ಮಜ್ಜಾರು' ಎಂದಾಯಿತು. ನಾನು ಶೆಡ್ಡಿಗೆ ಹೋದಾಗಲೆಲ್ಲ ವರದಿ ಸಿಗುತ್ತಿತ್ತು. "ನಿಮ್ಮಜ್ಜಾರು ಇವತ್ತ ಒಮ್ಮೆ ಕೆಮ್ಮಿದ್ರಿ." "ನಿಮ್ಮಜ್ಜಾರ್ದು ಮಣಕಾಲ ಹಿಡದಿತ್ತು, ಗ್ರೀಸ್ ತುಂಬೇನಿ." ಕೋಳಿ ಕೂತ ಸೀಟಿಗೆ ಹೊಸ ಹೊದಿಕೆ ಬಂತು, ತೂತುಬಿದ್ದ ನೆಲಕ್ಕೆ ತಗಡು ಬಂತು. ನಾಲ್ಕು ತಿಂಗಳ ಮೇಲೆ ಅಜ್ಜಾರು ನಿಜಕ್ಕೂ ಎದ್ದರು. ಆದರೆ ಹತ್ತು ನಿಮಿಷಕ್ಕೆ ಉಸಿರು ಕಟ್ಟಿ ನಿಲ್ಲುತ್ತಿದ್ದರು. ಟಾಕಿಯಿಂದ ಪೆಟ್ರೋಲ್ ಎಳೆಯುವ ಹಳೆಯ ಪಂಪಿನ ಒಳಗಿನ ಪರದೆ ಹರಿದಿತ್ತು, ಅದರ ಬಿಡಿಭಾಗ ಎಲ್ಲಿಯೂ ಸಿಗಲಿಲ್ಲ. ಆಗ ನಾನು, ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಓದಿದ ಬಲದ ಮೇಲೆ, ಕರೆಂಟಿನಿಂದ ನಡೆಯುವ ಹೊಸ ಪಂಪು ಹಾಕೋಣವೆಂದು ಘೋಷಿಸಿದೆ. ಹೊಸ ಪಂಪು, ಹೊಸ ನಳಿಗೆ, ನಡುವೆ ಕಸ ಹಿಡಿಯಲು ಗಾಜಿನ ಫಿಲ್ಟರು. ಮಿಸ್ತ್ರಿ ಬೇಡವೆನ್ನಲಿಲ್ಲ. ಒಂದು ಷರತ್ತು ಹಾಕಿದರು.

"ಹಳೇ ಪಂಪ ಹಲ್ಲಿಲ್ಲದ ಮುದುಕ ಹಾಲ ಕುಡದಂಗ ಕುಡೀತಿತ್ರಿ. ಇದು ಹಂಗಲ್ಲ. ಎಮ್ಮಿ ಕರಾ ಗುದ್ದಿ ಗುದ್ದಿ ಹೀರಿದಂಗ ಹೀರತೈತಿ. ಟಾಕ್ಯಾಗ ಚೂರ ತುಕ್ಕಿದ್ರೂ ಎಳಕೊಂಡ ಬರತೈತಿ. ಮೊದಲ ಟಾಕಿ ಶುದ್ಧ ಆಗಬೇಕ್ರಿ."

ಶುದ್ಧಿಯ ಕ್ರಮ ಅವರಿಗೆ ಅವರ ಉಸ್ತಾದರು ಕಲಿಸಿದ್ದು. ಟಾಕಿಯ ಹೊಟ್ಟೆ ತುಂಬ ಕಾಕಂಬಿ ಕಲಸಿದ ನೀರು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಮಗ್ಗಲು ಬದಲಿಸುತ್ತ ಹದಿನೈದು ದಿನ ಇಡಬೇಕು. "ಆಸಿಡ್ ಹಾಕಿದ್ರ ತುಕ್ಕೂ ಹೋಗತೈತಿ, ಟಾಕಿನೂ ಹೋಗತೈತಿ. ಕಾಕಂಬಿ ಶಾಣ್ಯಾ ಐತ್ರಿ. ತುಕ್ಕಷ್ಟ ತಿಂತೈತಿ, ತಗಡ ಮುಟ್ಟಂಗಿಲ್ಲ. ಆದ್ರ ಸಾವಕಾಶ ತಿಂತೈತಿ. ಒಳಗ ಅಡ್ಡಗ್ವಾಡಿ ಅದಾವು, ಮೂಲಿ ಅದಾವು. ಹದಿನೈದಂದ್ರ ಹದಿನೈದ."

ಆದರೆ ಶೆಡ್ಡಿನಲ್ಲಿ ಕಾಕಂಬಿ ಇಡುವಂತಿರಲಿಲ್ಲ. ಕಳ್ಳಭಟ್ಟಿಯ ಗುಮಾನಿಯಲ್ಲಿ ಅಬಕಾರಿಯವರು ಬರುತ್ತಾರೆ. "ಕಾಲೇಜ ಸರ್‌ದ ಹಿತ್ತಲಕ್ಕ ಯಾರ ಬರತಾರ್ರಿ?" ಎಂದರು ಮಿಸ್ತ್ರಿ. ನನ್ನ ಮರ್ಯಾದೆಗೆ ಇಂಥದೊಂದು ಉಪಯೋಗವಿದೆಯೆಂದು ಅದುವರೆಗೆ ನನಗೂ ತಿಳಿದಿರಲಿಲ್ಲ. ಟಾಕಿ ಸಪ್ತಾಪುರಕ್ಕೆ ಬಂತು. ಮಿಸ್ತ್ರಿ ತಾವೇ ಬಂದು ಕಾಕಂಬಿ ಕಲಸಿ, ತುಂಬಿ, ಇಟ್ಟಿಗೆಯ ಮೇಲೆ ಕೂರಿಸಿ, ದಿನ ಎಣಿಸುವ ಕೆಲಸ ನನಗೊಪ್ಪಿಸಿ ಹೋದರು. ಇತಿಹಾಸದ ಮಾಸ್ತರಿಗೆ ಎಣಿಕೆ ತಪ್ಪೀತೇ?

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂದಿತ್ತು. ಹಳೆಯ ಗಾಡಿಗಳ ಹುಚ್ಚಿನವರೆಲ್ಲ ಸೇರಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಗಾಡಿಗಳ ಮೆರವಣಿಗೆ ಹೊರಡಿಸುವವರಿದ್ದರು. ಉಪ್ಪಿನಬೆಟಗೇರಿಯ ಕಡೆಯ ಒಬ್ಬ ಸಾಹುಕಾರರ ಬಳಿ ಅವರಪ್ಪನ ಕಾಲದ ಮೂರು ಕಾರುಗಳು ತುಕ್ಕು ಹಿಡಿದು ನಿಂತಿದ್ದವು. ಅವರು ಶೆಡ್ಡಿಗೆ ಬಂದು ಲಾರಿ ನೋಡಿ, ಇದು ನಿಲ್ಲದೆ ಧಾರವಾಡ ಮುಟ್ಟಿದರೆ ಮೂರೂ ಕಾರು ಮಿಸ್ತ್ರಿಯ ಕೈಗೇ ಎಂದು ಹೇಳಿಹೋದರು. ಮೂರು ಕಾರೆಂದರೆ, ಆ ಹೆಸರಿನ ಮೇಲೆ ಬರುವ ಗಿರಾಕಿಗಳೂ ಸೇರಿ, ಮಿಸ್ತ್ರಿಗೆ ಬದುಕಿರುವವರೆಗೆ ಸಾಕಾಗುವಷ್ಟು ಕೆಲಸ. ಇಲ್ಲವಾದರೆ ಶೆಡ್ಡು ಮುಚ್ಚುವುದೊಂದೇ ಬಾಕಿ. "ನಿಮ್ಮಜ್ಜಾರು ಧಾರವಾಡ ಮುಟ್ಟಿದ್ರ ನಾನೂ ದಂಡಿ ಮುಟ್ಟಿದಂಗ್ರಿ ಸರ," ಎಂದಿದ್ದರು. ನಗುತ್ತಲೇ ಅಂದಿದ್ದರು...

ಇನ್ನು ಇರುವೆಗಳು. ಮೂರನೆಯ ದಿನ ಟಾಕಿಯ ಬಾಯಿಂದ ನೊರೆ ಉಕ್ಕಿತು. ನಾಲ್ಕನೆಯ ದಿನ ಪೂರ್ವ ದಿಕ್ಕಿನ ಗೋಡೆಯ ಮೇಲೆ ಶತ್ರುಸೈನ್ಯದ ಮುಂಚೂಣಿ ಕಂಡಿತು. ಆರನೆಯ ದಿನ ಬಚ್ಚಲುಮನೆ ಶರಣಾಯಿತು. ಏಳಕ್ಕೆ ಅಡಿಗೆಮನೆ ಪತನವಾಯಿತು. ಎಂಟನೆಯ ದಿನ ನಾನು ತಿದ್ದಲು ಇಟ್ಟುಕೊಂಡಿದ್ದ ಉತ್ತರಪತ್ರಿಕೆಗಳ ಕಟ್ಟಿನೊಳಗೂ ಇರುವೆ. ಒಂಬತ್ತನೆಯ ಬೆಳಿಗ್ಗೆ ನನ್ನ ಹೆಂಡತಿ ಉಪ್ಪಿಟ್ಟಿನ ತಾಟನ್ನು ನನ್ನ ಮುಂದೆ ಇಟ್ಟು, ಅದರಲ್ಲಿ ಸಾಸಿವೆ ಯಾವುದು, ಇರುವೆ ಯಾವುದು ತೋರಿಸಿ ಎಂದಳು.

"ಈ ಮನ್ಯಾಗ ನಾ ಇರಬೇಕೋ, ಇರವಿ ಇರಬೇಕೋ, ಒಂದ ಹೇಳಿ ಕಾಲೇಜಿಗೆ ಹೋಗ್ರಿ."

ಆ ಬೆಳಿಗ್ಗೆ ನಾನು ಟಾಕಿ ಬರಿದು ಮಾಡಿದೆ. ಬಾಯಿಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆ. ಕಂಡಷ್ಟು ಜಾಗ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಒಂಬತ್ತು ದಿನಕ್ಕೆ ಇಷ್ಟಾದರೆ ಉಳಿದ ಆರು ದಿನ ಮಿಸ್ತ್ರಿಯ ಮೂಢನಂಬಿಕೆ ಎಂದು ತೀರ್ಮಾನಿಸಿದೆ. ವಿದ್ಯಾವಂತರಿಗೆ ಇಂಥ ತೀರ್ಮಾನಗಳು ಬೇಗ ಹೊಳೆಯುತ್ತವೆ. ತೊಳೆದು, ಬಿಸಿಲಲ್ಲಿ ಒಣಗಿಸಿ, ಹಳೆಯ ಚಾದರದಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟೆ. ಅಷ್ಟಕ್ಕೆ ಬಿಟ್ಟಿದ್ದರೆ ಅವಸರ ಎನ್ನಬಹುದಿತ್ತು. ಆದರೆ ನಾನು ಟಾಕಿಯನ್ನು ಆರು ದಿನ ಮಂಚದ ಕೆಳಗೇ ಇಟ್ಟುಕೊಂಡು, ಸರಿಯಾಗಿ ಹದಿನೈದನೆಯ ದಿನ ಹುಬ್ಬಳ್ಳಿಗೆ ಒಯ್ದೆ. ಅದಕ್ಕೆ ಅವಸರ ಎನ್ನುವುದಿಲ್ಲ.

ಮಿಸ್ತ್ರಿ ಟಾಕಿಯನ್ನು ಬೆರಳಿನಿಂದ ಬಾರಿಸಿ ನೋಡಿದರು, ಮೂಸಿದರು.

"ಹದಿನೈದೂ ಆದುವಲ್ರಿ ಸರ?"

"ಹದಿನೈದೂ ಆದುವು."

ಅವರ ಪದ್ಧತಿಯಲ್ಲಿ ಕೊನೆಯದಾಗಿ ಒಂದು ಪರೀಕ್ಷೆಯಿತ್ತು. ಟಾಕಿಯೊಳಗೆ ಸರಪಳಿ ಬಿಟ್ಟು ಅಲ್ಲಾಡಿಸಿ, ಮೂಲೆಯಲ್ಲಿ ತುಕ್ಕು ಉಳಿದಿದೆಯೇ ಎಂದು ನೋಡುವುದು. ಸರಪಳಿ ಕೈಗೆ ತೆಗೆದುಕೊಂಡರು. ಮತ್ತೆ ಮೊಳೆಗೆ ತೂಗುಹಾಕಿದರು. "ಬ್ಯಾರೆದವರ ಇದ್ದಿದ್ರ ನೋಡತಿದ್ದೆ. ನೀವಽ ಎಣಿಸೀರಿ ಅಂದ ಮ್ಯಾಲ ಏನ ನೋಡೂದ್ರಿ," ಎಂದರು.

ಮೆರವಣಿಗೆಯ ದಿನ ನಾನು ಅಜ್ಜನ ರುಮಾಲು ಸುತ್ತಿಕೊಂಡು ಮಿಸ್ತ್ರಿಯ ಮಗ್ಗುಲಿಗೆ ಕೂತಿದ್ದೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿ, ದಾಡಿ ಮಾಡಿಸಿಕೊಂಡು ಬಂದಿದ್ದರು. ಸಾಹುಕಾರರ ಕಾರು ನಮ್ಮ ಹಿಂದೆಯೇ ಇತ್ತು. ಉಣಕಲ್ಲಿನವರೆಗೆ ಅಜ್ಜಾರು ರಾಜರ ಹಾಗೆ ನಡೆದರು. ರಸ್ತೆ ಬದಿಯ ಜನ ಕೈ ಬೀಸುತ್ತಿದ್ದರು, ನಾನೂ ಬೀಸುತ್ತಿದ್ದೆ. ಕೆರೆ ದಾಟಿದ ಮೇಲೆ ಒಂದು ಕೆಮ್ಮು. ನವನಗರ ಬರುವಷ್ಟರಲ್ಲಿ ಗಾಡಿ ನಿಂತಿತು. ಮಿಸ್ತ್ರಿ ಇಳಿದು ಗಾಜಿನ ಫಿಲ್ಟರು ಬಿಚ್ಚಿದರು. ಒಳಗೆ ಕೆಂಪು ಗಸಿ. ತೊಳೆದು ಹಾಕಿದರು. ನೂರು ಮಾರು ಹೋಗಿ ಮತ್ತೆ ನಿಂತಿತು. ಮತ್ತೆ ತೊಳೆದರು. ಮೂರನೆಯ ಸಲ ಪಂಪೇ ಸುಟ್ಟು ಸುಮ್ಮನಾಯಿತು. ಉಳಿದ ಗಾಡಿಗಳು ಹಾರನ್ ಹೊಡೆಯುತ್ತ ನಮ್ಮನ್ನು ದಾಟಿಹೋದವು.

ಸಾಹುಕಾರರು ಕಾರಿನಿಂದಿಳಿದು ಬಂದರು.

"ಏನೋ ಮಿಸ್ತ್ರಿ, ಟಾಕಿ ತೊಳದಿದ್ದಿಲ್ಲೇನು?"

"ತೊಳದಿದ್ದೆರಿ ಸಾವಕಾರ್ರ. ಹದಿನೈದ ದಿನಾ ಕಾಕಂಬ್ಯಾಗ ಇಟ್ಟಿದ್ದೆ. ಬೇಕಾದ್ರ ಕೇಳ್ರಿ, ಸರ ಇಲ್ಲೇ ಅದಾರಲ್ಲ."

ಇಬ್ಬರೂ ನನ್ನ ಕಡೆ ನೋಡಿದರು. ಕೂಡಿದ ಹತ್ತು ಜನವೂ ನೋಡಿದರು. ನಾನು ರುಮಾಲು ಸರಿಪಡಿಸಿಕೊಂಡೆ.

"ಮಿಸ್ತ್ರಿ ಹೇಳಿದಂಗ ಮಾಡೇನ್ರಿ ನಾನು," ಎಂದೆ.

"ಬೆಲ್ಲದ ನೀರಾಗ ಟಾಕಿ ತೊಳ್ಯಾಂವನ ಕೈಯಾಗ ನಮ್ಮಪ್ಪನ ಗಾಡಿ ಕೊಡ್ಲೇನು? ಪಾಯಸಾ ಮಾಡಾಕ ಕೊಡತೇನಿ, ಬಾ," ಎಂದು ಸಾಹುಕಾರರು ನಕ್ಕರು. ಜನರೂ ನಕ್ಕರು. ಕಾರು ಹೊರಟುಹೋಯಿತು. ಮಿಸ್ತ್ರಿ ಅಂಗೈಯಲ್ಲಿದ್ದ ಕೆಂಪು ಗಸಿಯನ್ನು ಬಹಳ ಹೊತ್ತು ನೋಡಿದರು. ಗೊತ್ತಾಗಿಹೋಯಿತು, ಈಗ ಬಯ್ಯುತ್ತಾರೆ ಎಂದುಕೊಂಡೆ. ಬಯ್ದಿದ್ದರೆ ಈ ಲೇಖನ ಬರೆಯುವ ಕಾರಣವಿರುತ್ತಿರಲಿಲ್ಲ. ಅವರು ಮೆಲ್ಲಗೆ, ತಮಗೆ ತಾವೇ ಎಂಬಂತೆ ಅಂದರು:

"ನಾ ಎಲ್ಲೆ ತಪ್ಪಿದೆ ಅನ್ನೂದ ತಿಳೀವಲ್ದ್ರಿ ಸರ..."

ಅವತ್ತು ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ.

"ಹೇಳಬೇಕಾಗಿತ್ತಲ್ರಿ ಅವರಿಗೆ."

"ಏನಂತ?"

"ಇರವಿ ಬಂದಿದ್ವು ಅಂತ."

ಅಷ್ಟೇ ಹೇಳಬೇಕಾಗಿದ್ದದ್ದು. ಬರುವ ರವಿವಾರ ಹೋಗಿ ಹೇಳಬೇಕೆಂದುಕೊಂಡೆ. ಆ ರವಿವಾರ ಪರೀಕ್ಷೆಯ ಕೆಲಸ ಬಂತು. ಮುಂದಿನ ರವಿವಾರ ಮತ್ತೊಂದು ಬಂತು. ರವಿವಾರಗಳು ಮನುಷ್ಯನ ಒಳ್ಳೆಯತನವನ್ನು ಪರೀಕ್ಷಿಸಲೆಂದೇ ವಾರಕ್ಕೊಂದರಂತೆ ಬರುತ್ತವೆ; ನಾನು ಎಲ್ಲದರಲ್ಲಿಯೂ ನಪಾಸಾದೆ. ಶೆಡ್ಡಿನಲ್ಲಿದ್ದ ಲಾರಿಯನ್ನು ಎಳೆಸಿಕೊಂಡು ಬರಲು ನಾನು ಹೋಗದೆ ಆಳನ್ನು ಕಳಿಸಿದೆ. ವರ್ಷ ತುಂಬುವ ಮೊದಲೇ ಮಿಸ್ತ್ರಿ ಶೆಡ್ಡು ಮುಚ್ಚಿದರೆಂದು ಕೇಳಿದೆ.

ಎರಡು ವರ್ಷದ ಮೇಲೆ ಅಣ್ಣನ ಹತ್ತಿಯ ಗಾಡಿಯ ಜೊತೆ ಅಮರಗೋಳದ ಮಾರುಕಟ್ಟೆಗೆ ಹೋಗಿದ್ದೆ. ಲಾರಿ ತೂಗುವ ಕಾಟಾದ ಮುಂದೆ ಕುರ್ಚಿ ಹಾಕಿಕೊಂಡು, "ಮುಂದ ಬಾ, ಹಿಂದ ಹೋಗು" ಎಂದು ಕೈ ಮಾಡುತ್ತಿದ್ದವರು ಮಿಸ್ತ್ರಿ. ನನ್ನನ್ನು ಕಂಡು ಎದ್ದು ಕುರ್ಚಿ ಬಿಟ್ಟುಕೊಟ್ಟರು, ಚಹಾ ತರಿಸಿದರು. ನಿಮ್ಮಜ್ಜಾರು ಹೆಂಗದಾರ್ರಿ ಎಂದು ಕೇಳಿದರು. ಆಮೇಲೆ, ನಾನು ಏನೂ ಕೇಳದೆಯೇ:

"ಬಾಳ ವಿಚಾರ ಮಾಡೇನ್ರಿ ಸರ. ತಪ್ಪ ಕಾಕಂಬೀದ. ಈಗೆಲ್ಲಾ ಕಬ್ಬಿಗೆ ಸರಕಾರಿ ಗೊಬ್ಬರಾ ಹಾಕತಾರ್ರಿ. ಮೊದಲಿನ ಕಸುವಿಲ್ಲ ಅದರಾಗ. ಇಲ್ಲಂದ್ರ ನಮ್ಮ ಉಸ್ತಾದ ಕಲಿಸಿದ್ದ ಸುಳ್ಳ ಆಗತಿದ್ದಿಲ್ಲ... ಅವತ್ತಿಂದ ಕೈಯಾಗ ಪಾನಾ ಇಕ್ಕಳಾ ಹಿಡದ್ರ ಧೈರ್ಯನ ಆಗವಲ್ದು."

ಚಹಾದ ಕಪ್ಪು ನನ್ನ ಕೈಯಲ್ಲಿತ್ತು. ಸುತ್ತ ಯಾರೂ ಇರಲಿಲ್ಲ. ಹೇಳಲು ಇದಕ್ಕಿಂತ ಒಳ್ಳೆಯ ಸಮಯವನ್ನು ದೇವರೂ ಒದಗಿಸಲಾರ.

"ಇರಬಹುದ್ರಿ ಮಿಸ್ತ್ರಿ," ಎಂದೆ.

ಹೀಗೆ ನನ್ನ ಅಪರಾಧವನ್ನು ಮೊದಲು ಮಿಸ್ತ್ರಿಯ ಮೇಲೆ, ಆಮೇಲೆ ಜಿಲ್ಲೆಯ ಸಮಸ್ತ ಕಬ್ಬಿನ ಬೆಳೆಯ ಮೇಲೆ ಹೊರಿಸಿ ಚಹಾ ಮುಗಿಸಿದೆ. ಕೆಲವು ವರ್ಷದ ಮೇಲೆ ಮತ್ತೆ ಆ ಕಡೆ ಹೋದಾಗ ಕುರ್ಚಿಯ ಮೇಲೆ ಬೇರೆ ಯಾರೋ ಇದ್ದರು. "ಮಿಸ್ತ್ರಿ ತೀರಿಹೋಗಿ ಎರಡ ತಿಂಗಳಾತ್ರಿ," ಎಂದರು. ಹೇಗೆ, ಏನು ಎಂದು ಕೇಳಲು ನನಗೆ ಅಧಿಕಾರವಿರಲಿಲ್ಲ. ಹಾಗೇ ತಿರುಗಿ ಬಂದೆ.

ಹೋದ ತಿಂಗಳು ಆ ಡಬ್ಬಿ ಒಡೆದ ಮರುದಿನ ಉಪ್ಪಿನಬೆಟಗೇರಿಯ ಬಸ್ಸು ಹತ್ತಿದೆ. ಹೇಳಬೇಕಾದವರು ಇಲ್ಲದ ಮೇಲೆ, ಕೇಳಿ ನಕ್ಕವರಿಗಾದರೂ ಹೇಳೋಣವೆಂದು. ಸಾಹುಕಾರರಿಗೆ ಈಗ ವಯಸ್ಸಾಗಿದೆ. ಕಾರುಗಳನ್ನು ಆಮೇಲೆ ಯಾರ ಯಾರಿಗೋ ತೋರಿಸಿದ್ದರಂತೆ. ಯಾರ ಕೈಗೂ ಹತ್ತದೆ ಮೂರೂ ಈಗಲೂ ಬಂಡಿ ನಿಲ್ಲಿಸುವ ಕೊಟ್ಟಿಗೆಯಲ್ಲೇ ನಿಂತಿದ್ದವು. ನಾನು ಒಂಬತ್ತು ದಿನದ ಕಥೆ ಹೇಳಿದೆ, ಮಂಚದ ಕೆಳಗಿನ ಆರು ದಿನವನ್ನೂ ಹೇಳಿದೆ.

"ಅಂದ್ರ ಆ ಮನಶ್ಯಾಂದ ತಪ್ಪಿದ್ದಿಲ್ಲ," ಎಂದರು.

"ಇಲ್ರಿ."

"ಆವತ್ತ ಯಾಕ ಹೇಳಲಿಲ್ರಿ ಮತ್ತ?"

ಇರುವೆಗಳ ಮಾತಿಗೆ ನಗುತ್ತಾರೆಂದುಕೊಂಡಿದ್ದೆ, ಅವರು ನಕ್ಕಿರಲಿಲ್ಲ. ಆಮೇಲೆ ಅವರೇ ಕೇಳಿದರು: "ಹೋಗ್ಲಿ. ನೀರ ಎಷ್ಟು, ಕಾಕಂಬಿ ಎಷ್ಟು ಹಾಕತಿದ್ದಾ ಅಂವಾ? ಅದಾದ್ರೂ ಗೊತ್ತೈತೇನು ನಿಮಗ? ನಮ್ಮ ಗಾಡಿಗೂ ಮಾಡಿಸಿ ನೋಡತಿದ್ದೆ."

ಮಿಸ್ತ್ರಿ ಅಳತೆ ಮಾಡುತ್ತಿರಲಿಲ್ಲ. ಕಿರುಬೆರಳನ್ನು ನೀರಿಗೆ ಅದ್ದಿ ನಾಲಿಗೆಗೆ ಹಚ್ಚಿಕೊಂಡು, "ಇನ್ನೊಂದ ತಂಬಗಿ" ಎನ್ನುತ್ತಿದ್ದರು, ಇಲ್ಲವೇ "ಸಾಕ" ಎನ್ನುತ್ತಿದ್ದರು. ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತವನು ನಾನು. ರುಚಿ ಎಷ್ಟಕ್ಕೆ ಬರಬೇಕೆಂದು ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ.

ಮೊನ್ನೆ ಸೋಮವಾರ ಸಾಹುಕಾರರು ಮೂರೂ ಕಾರುಗಳನ್ನು ಗುಜರಿಗೆ ಹಾಕಿದರು.