ರೈಟರ್ ಕೃಷ್ಣಪ್ಪನವರು ಕೂತ ಬೊಡ್ಡೆ

ಹಾನುಬಾಳಿನ ಮೇಲಿನ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷದಿಂದ ಲೆಕ್ಕ, ಆಳು ಎರಡನ್ನೂ ನೋಡಿಕೊಳ್ಳುವ ರೈಟರ್ ಆಗಿರುವ ಕೃಷ್ಣಪ್ಪನವರಿಗೆ ಆಳುಗಳಿಂದ ಕೆಲಸ ತೆಗೆಯುವುದು ಗೊತ್ತು, ಕಾಫಿಗಿಡದ ಮುಖ ನೋಡಿ ಗೊಬ್ಬರ ಹೇಳುವುದು ಗೊತ್ತು. ತಪ್ಪು ಒಪ್ಪಿಕೊಳ್ಳುವುದೊಂದು ಗೊತ್ತಿರಲಿಲ್ಲ. ಹುಟ್ಟಿದ್ದು ಆಲೂರಿನ ಹತ್ತಿರದ ಮಗ್ಗೆಯಲ್ಲಿ. ಇಪ್ಪತ್ತಮೂರನೆಯ ವಯಸ್ಸಿಗೆ ಟ್ರಂಕು ಹಿಡಿದು ಗುಡ್ಡ ಹತ್ತಿದವರು ಅಲ್ಲೇ ಸಂಸಾರ ಹೂಡಿ, ಅಲ್ಲೇ ಮಂಡಿ ಸವೆಸಿಕೊಂಡರು.

ಎಲ್ಲ ಶುರುವಾದದ್ದು ಆ ಮಂಡಿಯಿಂದಲೇ. ನಾಲ್ಕು ವರ್ಷದ ಹಿಂದೆ ತೋಟದಲ್ಲಿ ನೆರಳಿಗೆ ಬೆಳೆಸಿದ್ದ ಒಂದಿಷ್ಟು ಸಿಲ್ವರ್ ಮರ ಕಡಿಸಿದರು. ಕಡಿದ ಮೇಲೆ ಬೊಡ್ಡೆಗಳನ್ನು ಬೇರುಸಮೇತ ಕೀಳಿಸಿ ಎಂದು ಸಾಹುಕಾರರಾದ ಪ್ರತಾಪ್ ಹೇಳಿದ್ದರು. ಕೃಷ್ಣಪ್ಪನವರು ಕೀಳಿಸಿದರು, ಒಂದನ್ನು ಬಿಟ್ಟು. ಅದು ಇಳಿಜಾರಿನ ತುದಿಯಲ್ಲಿತ್ತು. ಸರಿಯಾಗಿ ಮಂಡಿಯೆತ್ತರ, ಮೇಲೆ ತಟ್ಟೆಯ ಹಾಗೆ ಸಪಾಟು. ಅಲ್ಲಿ ಕೂತರೆ ತೋಟದ ಆ ಇಡೀ ಪಟ್ಟೆ ಕಣ್ಣೆದುರಿಗೆ. ಯಾರು ಹಣ್ಣು ಕುಯ್ಯುತ್ತಿದ್ದಾರೆ, ಯಾರು ಮಾತು ಕುಯ್ಯುತ್ತಿದ್ದಾರೆ, ಎಲ್ಲ ಕಾಣುತ್ತಿತ್ತು.

"ಮನೇಲಿ ಕುರ್ಚಿ ಐತೆ, ಅದ್ರ ಮೇಲೆ ಒಂದಿನ ನೆಟ್ಟಗೆ ಕೂರಲ್ಲ. ಆ ಬೊಡ್ಡೆ ಅಂದ್ರೆ ಮಾತ್ರ ಮಾವನ ಮನೆ ಮಂಚ ಇದ್ದಂಗೆ ಕಣ್ರೀ ನಿಮಗೆ!" ಎಂದು ಹೆಂಡತಿ ಗಂಗಾಮಣಿ ಕಿಚಾಯಿಸುತ್ತಿದ್ದರು.

ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಬೊಡ್ಡೆಯ ಪಕ್ಕದ ಕಾಫಿಗಿಡ ಹಳದಿಯಾಗಿ ಎಲೆ ಉದುರಿಸಿತು. ಬಿಸಿಲು ಜಾಸ್ತಿ ಎಂದರು ಕೃಷ್ಣಪ್ಪನವರು. ಅದರಾಚೆಯ ಎರಡು ಗಿಡ ಒಣಗಿದಾಗ ಕಾಂಡಕೊರಕ ಹುಳದ ಮೇಲೆ ಹಾಕಿದರು. ಆರನೆಯದಕ್ಕೆ ಬೈಯಲು ಹುಳವೂ ಸಿಗಲಿಲ್ಲವಾಗಿ ಗೊಬ್ಬರ ಹಾಕಿದ್ದ ಬೋರಯ್ಯನನ್ನು ಬೈದರು.

ಬೋರಯ್ಯ ಗುಂಡಿ ತೋಡುವುದರಲ್ಲಿ ಪಳಗಿದ ಆಳು. ಅವನು ಸತ್ತ ಗಿಡವೊಂದನ್ನು ಕಿತ್ತು ತಂದು ರೈಟರ ಕಾಲ ಬಳಿ ಹಾಕಿದ. ಬೇರಿಗೆ ಮಣ್ಣು ಹೆಪ್ಪುಗಟ್ಟಿ ಅಂಟಿತ್ತು. ಕತ್ತಿಯಿಂದ ತೊಗಟೆ ಸುಲಿದರೆ ಒಳಗೆ ಬಿಳಿ ಎಳೆಗಳು, ಹತ್ತಿಯ ನೂಲಿನಂತೆ ಕವಲೊಡೆದಿದ್ದವು.

"ಅಣಬೆ ಜಾತಿ ಬೂಷ್ಟು, ರೈಟ್ರೇ. ಸತ್ತ ಬೊಡ್ಡೇಲಿ ಹುಟ್ಕಂಡು, ನೆಲದೊಳಗೆ ಬೇರಿಂದ ಬೇರಿಗೆ ನಡ್ಕಂಡು ಹೋಯ್ತದೆ. ನೀವು ಕುಂತಿರೋ ಕಡೆಯಿಂದ್ಲೇ ಬತ್ತಾ ಐತೆ."

"ನಾನು ಕೂರೋದಕ್ಕೂ ಗಿಡ ಸಾಯೋದಕ್ಕೂ ಏನಯ್ಯ ಸಂಬಂಧ?"

"ನಿಮ್ಮನ್ನಲ್ಲ ಮಾರಾಯ್ರೆ, ನಿಮ್ಮ ಕೆಳಗಿರೋದನ್ನ ಹೇಳಿದ್ದು!"

ಹಣ್ಣು ಕುಯ್ಯುತ್ತಿದ್ದ ಹೆಂಗಸರು ಬುಟ್ಟಿಯೊಳಗೆ ಮುಖ ಹಾಕಿಕೊಂಡು ನಕ್ಕರು.

ಬೊಡ್ಡೆ ಕೀಳಲು ಕೃಷ್ಣಪ್ಪನವರು ಆಗಲೂ ಒಪ್ಪಲಿಲ್ಲ. ಸುತ್ತ ಕಂದಕದಂತೆ ಒಂದು ಟ್ರೆಂಚ್ ಹೊಡೆದರೆ ಎಳೆ ದಾಟುವುದಿಲ್ಲ ಎಂದು ರಾಜಿಸೂತ್ರ ತೆಗೆದರು. ಮೂರಡಿ ಆಳ ಬೇಕೆಂದ ಬೋರಯ್ಯ. ಒಂದೂವರೆ ಸಾಕೆಂದರು ರೈಟರು. ಟ್ರೆಂಚ್ ಆಯಿತು. ದಾಟಿ ಹೋಗಿ ಕೂರಲು ಅದರ ಮೇಲೊಂದು ಹಲಗೆಯೂ ಬಂತು. ಅವತ್ತಿನಿಂದ ಲೈನ್ ಮನೆಗಳ ಆಳುಗಳು ಆ ಜಾಗವನ್ನು 'ಕೋಟೆ' ಎನ್ನತೊಡಗಿದರು.

ಕಳೆದ ಆಗಸ್ಟಿನಲ್ಲಿ ಮಳೆ ಹೊಳವಾಗಿ ಬಿಡುವು ಕೊಟ್ಟಿದ್ದ ಒಂದು ಬೆಳಿಗ್ಗೆ ಹಲಗೆ ಜಾರಿತು. ಕೃಷ್ಣಪ್ಪನವರು ಕೊಡೆಸಮೇತ ಟ್ರೆಂಚಿನೊಳಗೆ ಕೂತರು. ಕೆಸರಾಗಿತ್ತು, ಪೆಟ್ಟಾಗಿರಲಿಲ್ಲ. ಬೋರಯ್ಯ ಓಡಿ ಬಂದು ಕೈ ನೀಡಿದ.

"ಕೈ ಕೊಡಿ, ರೈಟ್ರೇ."

"ತಡಿಯೋ."

ಅವರು ಎದುರಿನ ಮಣ್ಣಿನ ಗೋಡೆ ನೋಡುತ್ತಿದ್ದರು. ಮಳೆನೀರಿಗೆ ಗೋಡೆಯ ಮಣ್ಣೂ ತಳದ ಮಣ್ಣೂ ಕೊಚ್ಚಿಹೋಗಿ ಬೊಡ್ಡೆಯ ಬೇರೊಂದು ಬಯಲಾಗಿತ್ತು. ಬಿಳಿ ಎಳೆಗಳನ್ನು ಹೊತ್ತ ಆ ಬೇರು ಟ್ರೆಂಚಿನ ತಳದ ಕೆಳಗೆ ನುಸುಳಿ, ಆಚೆ ದಡದಲ್ಲಿ ಒಂದು ಹಸಿರು ಗಿಡದ ಬೇರಿಗೆ ಒರಗಿಕೊಂಡಿತ್ತು. ಕೃಷ್ಣಪ್ಪನವರು ಆ ಗಿಡವನ್ನು ಕತ್ತೆತ್ತಿ ನೋಡಿದರು. ಎಲೆ ಇನ್ನೂ ಮಿರಿಮಿರಿ ಮಿಂಚುತ್ತಿತ್ತು, ಕಾಯಿ ಕಟ್ಟಿತ್ತು. ಬೇರಿಗೆ ಬಂದದ್ದು ಅದಕ್ಕೆ ಗೊತ್ತೇ ಇಲ್ಲವಲ್ಲ ಎನ್ನಿಸಿ ಅವರು ಬೋರಯ್ಯನ ಕೈ ಹಿಡಿದು ಮೇಲೆ ಬಂದರು.

ಬಟ್ಟೆಯನ್ನೂ ಬದಲಿಸದೆ ನೇರ ಬಂಗಲೆಗೆ ಹೋದರು. "ಸಾಹುಕಾರ್ರೇ, ಒಂದು ಬೊಡ್ಡೆ ಉಳಿಸ್ಕಂಡಿದ್ದೆ. ಹದಿನೇಳು ಗಿಡ ಹೋದ್ವು. ತಪ್ಪು ನಂದು."

ಪ್ರತಾಪ್ ಅವರ ಕೆಸರು ಪಂಚೆಯನ್ನು ನೋಡಿ ನಗು ತಡೆದುಕೊಂಡರು. "ಬೊಡ್ಡೆ ಇರೋದು ಕಂಡಿದ್ದೆ, ಕೃಷ್ಣಪ್ಪನವ್ರೇ. ಮಂಡಿ ನೋವು, ಕೂರ್ಲಿ ಅಂತ ಸುಮ್ನಿದ್ದೆ. ರೋಗ ಬಂದಿದ್ದನ್ನ ಹೇಳ್ಬೇಕಿತ್ತಲ್ಲ?"

ಮಳೆ ನಿಂತ ಮೇಲೆ ಬೋರಯ್ಯನೂ ಇನ್ನಿಬ್ಬರೂ ಎರಡು ದಿನ ಪಿಕಾಸಿ ಹಿಡಿದು ಬೊಡ್ಡೆ ಎಬ್ಬಿಸಿದರು. ಬೇರಿನ ಚೂರುಪಾರೂ ಆಯ್ದು ಸುಟ್ಟರು, ಸುಣ್ಣ ಚೆಲ್ಲಿದರು, ಸುತ್ತ ಮೂರಡಿ ಟ್ರೆಂಚ್ ಹೊಡೆದರು.

ಹೊಸದಾಗಿ ಮತಕ್ಕೆ ಸೇರಿದವರ ಭಕ್ತಿ ಜಾಸ್ತಿ. ಕೃಷ್ಣಪ್ಪನವರೀಗ ಕೋಲು ಹಿಡಿದು ತೋಟವೆಲ್ಲ ಕೆರೆಯತೊಡಗಿದರು. ಒಂದು ದಿನ ಹಲಸಿನ ಮರದಡಿ ತರಗೆಲೆ ಸರಿಸಿದಾಗ ಅಲ್ಲೂ ಬಿಳಿ ಎಳೆಗಳು, ಅಂಗೈಯಗಲ ಬಲೆ! "ಬೋರಯ್ಯ, ಸುಣ್ಣ ತಗಂಬಾರೋ!" ಎಂದು ಕೂಗಿಕೊಂಡರು.

ಬೋರಯ್ಯ ಬರಿಗೈಯಲ್ಲೇ ಬಂದ. "ಇದು ಪಾಪದ್ದು ಕಣ್ರೀ, ಯಾವ ಗಿಡಕ್ಕೂ ಏನೂ ಮಾಡಲ್ಲ. ತರಗೆಲೆ ತಿಂದು ಗೊಬ್ಬರ ಮಾಡ್ತೈತೆ. ಇನ್ನೊಂದು ಜಾತಿ ಐತಂತೆ, ಬೇರಿಗೆ ನೀರುಗೊಬ್ಬರ ಹೊತ್ತು ತಂದ್ಕೊಡೋದು. ಕಾಫಿ ಸಂಶೋಧನೆಯೋರು ಬಂದಾಗ ಹೇಳಿದ್ರಲ್ಲ, ನೀವು ಆವಾಗ ಟೀ ಕುಡೀತಿದ್ರಿ."

"ಹಂಗಾದ್ರೆ ಒಳ್ಳೇದು ಯಾವ್ದು, ಕೆಟ್ಟದ್ದು ಯಾವ್ದು, ಹೆಂಗಯ್ಯ ಗೊತ್ತಾಗೋದು?"

"ಮೇಲೆ ಗಿಡ ನೋಡಿ. ಅದು ಚೆನ್ನಾಗಿದ್ರೆ ಕೆಳಗಿನೋರ ಗೊಡವೆ ನಮಗ್ಯಾಕೆ?"

ಕೃಷ್ಣಪ್ಪನವರು ಕೂತು ತರಗೆಲೆಯನ್ನು ಮತ್ತೆ ಮೊದಲಿನಂತೆ ಮುಚ್ಚಿದರು. ಒಂದು ಎಲೆ ಮಗುಚಿ ಬಿದ್ದಿತ್ತು, ಅದನ್ನೂ ಸರಿಮಾಡಿದರು. ಏಳಲು ಮಾತ್ರ ಬೋರಯ್ಯನ ಹೆಗಲು ಬೇಕಾಯಿತು.