ಉಸಿರು ಕೇಳಿಸದ ಹಾಡು

ಯಾರಾದರೂ ಒಂದು ವಸ್ತುವನ್ನು ಚೆನ್ನಾಗಿದೆ ಎಂದು ಎರಡು ಸಲ ಹೊಗಳಿದರೆ ಸಾಕು, ಮೂರನೆಯ ಸಲಕ್ಕೆ ನನಗೆ ಅನುಮಾನ ಶುರುವಾಗುತ್ತದೆ. ಇದು ಹುಟ್ಟುಗುಣವೋ, ಮಾಡುವ ಕೆಲಸದಿಂದ ಅಂಟಿಕೊಂಡದ್ದೋ ಗೊತ್ತಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಹುಣಸೂರಿನಲ್ಲಿ ಹೊಗೆಸೊಪ್ಪು ಕೊಳ್ಳುವವರ ಪರವಾಗಿ ಸೊಪ್ಪು ನೋಡುವ ಕೆಲಸ ನನ್ನದು. ರೈತರು ಕಟ್ಟಿ ತಂದ ಬೇಲ್‌ನ ಹೊರಗೆಲ್ಲ ನಿಂಬೆಹಣ್ಣಿನ ಬಣ್ಣದ ಎಲೆ ಇರುತ್ತದೆ. ನಡುವೆ ಕೈ ತೂರಿಸಿದರೆ ಒಮ್ಮೊಮ್ಮೆ ಕರ್ರಗಾದ ಎಲೆ ಬರುತ್ತದೆ. ಎಲ್ಲರೂ ಹಾಗೆ ಮಾಡುವುದಿಲ್ಲ, ಆದರೆ ಎಲ್ಲರ ಬೇಲ್‌ಗೂ ಕೈ ತೂರಿಸಲೇಬೇಕು. ನಾನು ಮನೆಗೆ ತಂದ ಬದನೆಕಾಯಿಯನ್ನೂ ನಾಲ್ಕು ಸಲ ತಿರುಗಿಸಿ ನೋಡುವುದನ್ನು ಕಂಡು ನನ್ನ ಹೆಂಡತಿ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನೋ ಗಾದೆ ನಿಮ್ಮನ್ನ ನೋಡಿಯೇ ಮಾಡಿದ್ದು ಅನ್ನುತ್ತಾಳೆ.

ಇಂಥವನಿಗೆ ಹಾಡಿನ ಹುಚ್ಚು ಯಾಕೆ ಹತ್ತಿತೋ. ಹತ್ತಿಸಿದವರು ಇಬ್ಬರು. ಒಬ್ಬ ಹುಣಸೂರಿಗೂ ಎಚ್.ಡಿ. ಕೋಟೆಗೂ ಓಡಾಡುವ ಬಸ್ಸಿನ ಕಂಡಕ್ಟರ್. ಇನ್ನೊಬ್ಬರು ರಾವಂದೂರು ಕಡೆಯ ಮೇಷ್ಟ್ರು. ಭಾನುವಾರ ಮಧ್ಯಾಹ್ನ ಹುಣಸೂರು ಬಸ್ ಸ್ಟ್ಯಾಂಡಿನ ಹಿಂದಿನ ಟೀ ಅಂಗಡಿಯಲ್ಲಿ ಮೂವರೂ ಸೇರುತ್ತಿದ್ದೆವು. ವಾರವಿಡೀ ಹುಡುಕಿ ತಂದ ಒಂದೊಂದು ಹಾಡನ್ನು ಒಬ್ಬೊಬ್ಬರು ಕೇಳಿಸಬೇಕು. ಫೋನನ್ನು ಖಾಲಿ ಸ್ಟೀಲ್ ಲೋಟದೊಳಗೆ ನಿಲ್ಲಿಸಿದರೆ ಸದ್ದು ದೊಡ್ಡದಾಗಿ ಬರುತ್ತದೆ ಎಂದು ಕಂಡುಹಿಡಿದದ್ದು ಕಂಡಕ್ಟರ್.

ನಮ್ಮಲ್ಲಿ ಮೂರು ಕಟ್ಟುಪಾಡು ಇದ್ದವು. ಸಿನಿಮಾ ಹಾಡು ಬೇಡ. ಹಿಂದೆ ಯಾವ ಕಂಪನಿಯೂ ಇರಬಾರದು, ತಾವೇ ಕಟ್ಟಿ, ತಾವೇ ಹಾಡಿ, ತಾವೇ ನೆಟ್ಟಿಗೆ ಹಾಕಿದವರ ಹಾಡೇ ಆಗಬೇಕು. ಮೂರನೆಯದು, ತಮ್ಮ ಮನೆಯವರದನ್ನು, ನೆಂಟರದನ್ನು ತರಕೂಡದು. ಹೆತ್ತವರಿಗೆ ಹೆಗ್ಗಣ ಮುದ್ದು. ಹಿಂದೊಮ್ಮೆ ಕಂಡಕ್ಟರ್ ತನ್ನ ಬಾಮೈದನ ಹಾಡು ತಂದಿದ್ದ. ಅದು ಕಿವಿಗೆ ಗರಗಸ ಎಳೆದ ಹಾಗಿದ್ದರೂ ನಾನು ಮತ್ತು ಮೇಷ್ಟ್ರು ದಾಕ್ಷಿಣ್ಯಕ್ಕೆ ಬಿದ್ದು ತಲೆದೂಗಿದ್ದೆವು. ಆವತ್ತೇ ಮಾಡಿದ ನಿಯಮ ಅದು, ಮಾಡಿದವನು ನಾನೇ. ಬರಬರುತ್ತ ನಮ್ಮ ಹಾಡುಗಳ ಲಿಂಕ್ ಹಂಚಲು ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡೆವು. ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಕಡೆಯವರೆಲ್ಲ ಸೇರಿ ಮೂವತ್ತು ಜನ ಕೇಳುಗರಾದರು.

ಒಂದು ಭಾನುವಾರ ಮೇಷ್ಟ್ರು ಲೋಟದಲ್ಲಿ ಫೋನು ನಿಲ್ಲಿಸಿ ಒಬ್ಬ ಹೆಂಗಸಿನ ಹಾಡು ಹಾಕಿದರು. ವಾದ್ಯ ಏನೂ ಇಲ್ಲ, ಯಾವುದೋ ಡಬ್ಬ ತಟ್ಟಿದ ಸದ್ದು ಮಾತ್ರ. ಮಳೆಗಾಲದಲ್ಲಿ ಒಣಗದ ಬಟ್ಟೆಯನ್ನು ಬ್ಯಾರನ್ ಗೋಡೆಯ ಬಿಸಿಗೆ ಹರವುವ ಬಗ್ಗೆ ಹಾಡು. ಹೊಗೆಸೊಪ್ಪನ್ನು ಬೆಂಕಿಯ ಶಾಖದಲ್ಲಿ ಬೇಯಿಸುವ ಆ ಬ್ಯಾರನ್ ಮನೆಯ ಗೋಡೆಗೆ ಬೆನ್ನು ಕೊಟ್ಟು ಬೆಳೆದವನು ನಾನು. ಹೊಗೆಸೊಪ್ಪಿನ ಘಾಟು ಹತ್ತಿದ ಅಂಗಿಯನ್ನೇ ಹಾಕಿಕೊಂಡು ಸ್ಕೂಲಿಗೆ ಹೋದವನು. ಅದರ ಮೇಲೂ ಯಾರಾದರೂ ಹಾಡು ಕಟ್ಟಬಹುದು ಅಂತ ಗೊತ್ತಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಕೊಳ್ಳಲು ಟೀ ಬಿಸಿಯೆಂದು ಮುಖ ತಿರುಗಿಸಿದೆ.

ಆಮೇಲೆ ಎಂದಿನಂತೆ ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಮೇಷ್ಟ್ರು ಸಾಮಾನ್ಯವಾಗಿ ಈ ಪ್ರಶ್ನೆಗೆ ಕಾದು ಕೂತಿರುತ್ತಿದ್ದವರು. ಒಂದು ಹಾಡಿನಿಂದ ಇನ್ನೊಂದಕ್ಕೆ ಹೇಗೆ ಹೋದೆ ಎಂದು ಹತ್ತು ನಿಮಿಷ ವರ್ಣನೆ ಮಾಡುತ್ತಿದ್ದರು. ಆವತ್ತು ಮಾತ್ರ, ಹೀಗೇ ಹುಡುಕ್ತಾ ಇದ್ದೆ ಸಿಕ್ತು ಎಂದು ಟೀ ಲೋಟದೊಳಗೆ ನೋಡಿದರು. ಏನೋ ಇದೆ ಅನ್ನಿಸಿತು.

ಮುಂದಿನ ವಾರವೂ ಅದೇ ಹೆಂಗಸಿನ ಹಾಡು, ಅದರ ಮುಂದಿನ ವಾರವೂ ಅವಳದೇ. ಹುಡುಕಿ ನೋಡಿದರೆ ಹಾಕಿದವರ ಹೆಸರಿಲ್ಲ, ಮುಖವಿಲ್ಲ. ಫೋಟೋ ಜಾಗದಲ್ಲಿ ಮುಚ್ಚಿದ ಒಂದು ಕಿಟಕಿ. ಒಟ್ಟು ಏಳು ಹಾಡು. ಗುಂಪಿನವರೆಲ್ಲ ಮೆಚ್ಚಿ ಮೆಚ್ಚಿ ಬರೆಯುತ್ತಿದ್ದರು. ಮೇಷ್ಟ್ರು ಮಾತ್ರ ಒಂದಕ್ಷರ ಬರೆಯುತ್ತಿರಲಿಲ್ಲ, ಆದರೆ ಬರೆದವರಿಗೆಲ್ಲ ಒಂದೊಂದು ಹೂವಿನ ಚಿತ್ರ ಕಳಿಸುತ್ತಿದ್ದರು. ಹಾಡಿದವರಿಗಿಂತ ಹೆಚ್ಚು ಇವರೇ ಹಿಗ್ಗುತ್ತಿದ್ದರು.

ಇಲ್ಲಿ ನನ್ನ ಹಳೆಯ ಗಾಯವೊಂದನ್ನು ಹೇಳಬೇಕು. ಈ ಹಾಡುಗಳು ಬರುವುದಕ್ಕೆ ಕೆಲವು ತಿಂಗಳ ಹಿಂದೆ ನಾನು ಕಾಡಂಚಿನ ಮುದುಕರೊಬ್ಬರು ಹಾಡಿದ್ದು ಎಂದು ನಂಬಿ ಒಂದು ಹಾಡು ತಂದಿದ್ದೆ. ಎದೆ ತಟ್ಟಿಕೊಂಡು ಹೊಗಳಿದ್ದೆ. ಅದು ಕಂಪ್ಯೂಟರ್ ತಾನೇ ತಯಾರಿಸಿದ್ದು, ಅಂಥ ಮುದುಕರೇ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಕಂಡಕ್ಟರ್ ಎಷ್ಟೋ ದಿನ, ನಿಮ್ಮ ತಾತ ಸೌಖ್ಯವಾ ಎಂದು ನನ್ನನ್ನು ಕಿಚಾಯಿಸಿದ. ಇಪ್ಪತ್ತು ವರ್ಷ ಮೋಸ ಹಿಡಿದವನೇ ಮೋಸ ಹೋದದ್ದು ನನಗೆ ಒಳಗೊಳಗೇ ಉರಿಯುತ್ತಿತ್ತು.

ಹಾಗಾಗಿ ಈ ಹಾಡುಗಳನ್ನು ಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿದೆ, ಕಣ್ಣು ಮುಚ್ಚಿ, ಒಂದೊಂದು ಸಾಲಾಗಿ. ಮೂರನೆಯ ಸಲಕ್ಕೆ ಸಿಕ್ಕಿತು. ಹಾಡುವವರು ಸಾಲು ಮುಗಿಸಿ ಇನ್ನೊಂದು ಹಿಡಿಯುವ ಮೊದಲು ಉಸಿರು ಎಳೆದುಕೊಳ್ಳುತ್ತಾರೆ. ಎಷ್ಟು ದೊಡ್ಡ ಗಾಯಕರಾದರೂ ಸಣ್ಣಗೆ ಕೇಳಿಸುತ್ತದೆ. ಇದರಲ್ಲಿ ಒಂದು ಕಡೆಯೂ ಇಲ್ಲ. ಏಳು ಹಾಡಿನಲ್ಲಿ ಒಂದೇ ಒಂದು ಉಸಿರಿಲ್ಲ.

ಭಾನುವಾರ ಟೀ ಅಂಗಡಿಯಲ್ಲಿ ಇದನ್ನು ಮೇಷ್ಟ್ರ ಮುಂದಿಟ್ಟೆ. ಹಾಡಿದ್ದು ಯಂತ್ರ ಎಂದೆ. ಅವರ ಮುಖ ಕೆಂಪಾಯಿತು.

“ಮನುಷ್ಯರೇ ಹಾಡಿರೋದು ಕಣ್ರೀ. ಅದನ್ನ ಇಲ್ಲಿಗೇ ಬುಡಿ.”

“ನಿಮಗೆ ಹೆಂಗೆ ಗೊತ್ತು ಮೇಷ್ಟ್ರೇ?”

ಅವರು ಪಿರಿಯಾಪಟ್ಟಣದ ಬಸ್ಸು ಬಂತು ಎಂದು ಎದ್ದು ಹೋದರು. ಬಸ್ಸು ಬಂದಿರಲಿಲ್ಲ. ಅಲ್ಲಿಗೆ ನನಗೆ ಗ್ಯಾರಂಟಿಯಾಯಿತು. ಮೇಷ್ಟ್ರೇ ಮನೆಯಲ್ಲಿ ಕೂತು ಕಂಪ್ಯೂಟರಿನಿಂದ ಹಾಡು ತಯಾರಿಸಿ ನಮ್ಮನ್ನು ಪೆದ್ದರನ್ನಾಗಿ ಮಾಡುತ್ತಿದ್ದಾರೆ ಎಂದು ತೀರ್ಮಾನಿಸಿದೆ.

ಆವತ್ತು ಸಂಜೆಯೇ ನೆಟ್ಟಿನಲ್ಲಿದ್ದ ಹಾಡಿನ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ ಬರೆದೆ. ಈ ಹಾಡಿನಲ್ಲಿ ಒಂದು ಸಲವೂ ಉಸಿರಿಲ್ಲ, ಇದು ಮನುಷ್ಯರ ದನಿಯಲ್ಲ, ಕೇಳಿ ಮೋಸ ಹೋಗಬೇಡಿ. ಅದನ್ನೇ ಗುಂಪಿಗೂ ಹಾಕಿದೆ. ಹೊಗಳಿದ್ದವರೇ ಒಬ್ಬೊಬ್ಬರಾಗಿ, ನಮಗೂ ಅನುಮಾನ ಇತ್ತು ಎಂದರು. ಅವರಿಗೆ ಇರಲಿಲ್ಲ, ನನಗೆ ಗೊತ್ತು. ಕೆಲವರು ಹೋಗಿ ಹಾಡಿನ ಕೆಳಗೆ ನಗುವ ಮುಖಗಳನ್ನು ಅಂಟಿಸಿ ಬಂದರು. ಮುಂದೆ ವಾದ ಬಂದರೆ ಇರಲಿ ಎಂದು ನಾನು ಬ್ಯಾರನ್ ಗೋಡೆಯ ಹಾಡನ್ನು ಫೋನಿಗೆ ಇಳಿಸಿಟ್ಟುಕೊಂಡೆ.

ನಾಲ್ಕನೇ ದಿನಕ್ಕೆ ಏಳು ಹಾಡೂ ಮಾಯವಾಗಿದ್ದವು, ಕಿಟಕಿಯ ಚಿತ್ರವೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ಹೆಂಡತಿಗೆ ಹೇಳಿ ಬೀಗಿದೆ. ಅವಳು, ಕಳ್ಳ ಸಿಕ್ಕಿದ ಮೇಲೂ ನಿಮ್ಮ ಮುಖ ಯಾಕೆ ಹಿಂಗಿದೆ ಎಂದಳು. ನಿಜ ಹೇಳಬೇಕೆಂದರೆ ಆ ಹಾಡುಗಳಿಲ್ಲದೆ ನನಗೆ ಬೇಜಾರಾಗಿತ್ತು.

ಮೇಷ್ಟ್ರು ಎರಡು ಭಾನುವಾರ ಬರಲಿಲ್ಲ. ಮೂರನೆಯ ಭಾನುವಾರ ಕಂಡಕ್ಟರ್ ಬಂದವನು ಲೋಟದಲ್ಲಿ ಫೋನು ಇಡಲಿಲ್ಲ. ಪಿರಿಯಾಪಟ್ಟಣದಲ್ಲಿ ಮೇಷ್ಟ್ರು ಸಿಕ್ಕಿದ್ದರಂತೆ.

“ಅದು ಅವ್ರ ತಂಗಿ ಕಣಣ್ಣ. ಉಬ್ಬಸ ಅದೆ ಆಯಮ್ಮಂಗೆ. ಉಸ್ರು ಎಳ್ದಾಗೆಲ್ಲ ಸುಯ್ ಸುಯ್ ಅಂತ ಕೇಳುಸ್ತಿತ್ತಂತೆ. ಕೇಳೋರ್‌ಗೆ ಅಸಯ್ಯ ಆಯ್ತದೆ ಅಂತ ಫೋನಲ್ಲಿ ಕುಂತ್ಕಂಡು ಒಂದೊಂದೇ ಕತ್ತರ್ಸಿ ತೆಗ್ದವ್ರೆ.”

ವರ್ಷಗಟ್ಟಲೆ ಬ್ಯಾರನ್ ಮುಂದೆ ಕೂತು ಬೆಂಕಿಗೆ ಸೌದೆ ಹಾಕಿ ಬಂದ ಉಬ್ಬಸವಂತೆ. ಗುರುತಿಲ್ಲದ ಕಿವಿಗಳು ಕೇಳಿ ಏನನ್ನುತ್ತವೋ ತಿಳಿಯಬೇಕು ಎಂದು ಆಕೆಗೆ ಆಸೆ. ನಂಟು ಹೇಳಿದರೆ ನಮ್ಮ ನಿಯಮಕ್ಕೆ ಅಡ್ಡ ಬರುತ್ತದೆ, ಹೇಳಿದ ಮೇಲೆ ಬರುವ ಹೊಗಳಿಕೆಯೂ ದಾಕ್ಷಿಣ್ಯದ್ದೇ ಆಗುತ್ತದೆ ಎಂದು ಮೇಷ್ಟ್ರು ಬಾಯಿ ಬಿಟ್ಟಿರಲಿಲ್ಲ. ಅವರು ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿದ್ದು ಸರಿಯೇ ಆಗಿತ್ತು. ಉಳಿದದ್ದೆಲ್ಲ ತಪ್ಪು.

ಆದರೂ ಕ್ಷಮೆ ಕೇಳಲು ಹೊರಟೆ ಎಂದು ಮಾತ್ರ ಬರೆದರೆ ಸುಳ್ಳಾಗುತ್ತದೆ. ಮರುದಿನ ಬಸ್ಸಿನಲ್ಲಿ ಕೂತಾಗ, ಮಾನ ಉಳಿಸಿಕೊಳ್ಳಲು ಮೇಷ್ಟ್ರು ಈ ಉಬ್ಬಸದ ಕಥೆ ಕಟ್ಟಿದ್ದರೆ ಎಂಬ ಯೋಚನೆಯೂ ಬಂತು. ಅರ್ಧ ಕ್ಷಮೆ ಕೇಳಲು, ಅರ್ಧ ಪರೀಕ್ಷೆ ಮಾಡಲು ಹೋದೆ. ಮೊದಲೇ ಫೋನು ಮಾಡಿ ತಿಳಿಸಿದ್ದರಿಂದ ರಾವಂದೂರಿನಲ್ಲಿ ಇಳಿದಾಗ ಮೇಷ್ಟ್ರು ಕಾದು ನಿಂತಿದ್ದರು, ನನ್ನನ್ನು ಕಂಡು ಬನ್ನಿ ಎಂದರು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಎರಡು ಮೈಲಿ ಆಚೆಯ ತಂಗಿಯ ಊರಿಗೆ ಕರೆದುಕೊಂಡು ಹೋದರು.

ಆಕೆ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಲವತ್ತೈದರ ಆಸುಪಾಸಿನ ಸಣಕಲು ಹೆಂಗಸು. ನನ್ನನ್ನು ಕೂರಲು ಹೇಳಿ ನೀರು ತರಲು ಒಳಗೆ ಹೋಗಿ ಬಂದರು. ಹತ್ತು ಹೆಜ್ಜೆಯೂ ಇರಲಿಲ್ಲ. ಚೊಂಬು ಇಡುವಷ್ಟರಲ್ಲಿ ಎದೆಯೊಳಗಿನ ಸುಯ್ಲು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಕಿವಿಯಾನಿಸಿದ್ದನ್ನು ಆಕೆ ನೋಡಿದರು. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ತಪ್ಪಾಯಿತು ಎಂದೆ. ಆಕೆ ಅವರೆಕಾಯಿ ಬಿಡಿಸುತ್ತಲೇ ಇದ್ದರು. ಉಸಿರಿಗಾಗಿ ನಡುನಡುವೆ ತಡೆದು ತಡೆದು ಮಾತಾಡಿದರು.

“ಮಿಕ್ಕೋರು ಚೆಂದಾಗದೆ ಅಂದ್ರು, ಆಮೇಲೆ ಚೆಂದಾಗಿಲ್ಲ ಅಂದ್ರು. ಅವ್ರ ಮಾತು ಬುಡಿ ಅಣ್ಣ. ಉಸ್ರು ಇಲ್ಲ ಅನ್ನೋದು ಕಂಡಿದ್ದು ನೀವೊಬ್ರೇ. ಅಷ್ಟು ಕಿವಿ ಕೊಟ್ಟು ಕೇಳೋರೇ ಇದು ಮನುಷ್ಯರ ದನಿ ಅಲ್ಲ ಅಂದ್ಮೇಲೆ ನಾನು ಇನ್ಯಾರ್‌ಗೆ ಹಾಡ್ಲಿ?”

ಮತ್ತೆ ಹಾಕಿ, ಉಸಿರು ಕತ್ತರಿಸದೆ ಹಾಕಿ, ನಾನೇ ಎಲ್ಲರಿಗೂ ತಿಳಿಸಿ ಹೇಳುತ್ತೇನೆ ಎಂದು ಬೇಡಿಕೊಂಡೆ. ಅವಳ ಫೋನಿನಲ್ಲಿದ್ದುದನ್ನೂ ಅಳಿಸಿ ಆಯಿತು ಎಂದು ಮೇಷ್ಟ್ರು ಮೆಲ್ಲಗೆ ಹೇಳಿದರು. ಏಳೂ ಹೋಗಿದ್ದವು. ನನಗೆ ತಟ್ಟನೆ ನೆನಪಾಯಿತು. ಒಂದು ನನ್ನ ಹತ್ತಿರ ಇದೆ ಎಂದು ಸಂತೋಷದಿಂದ ಫೋನು ತೆಗೆದೆ. ಬ್ಯಾರನ್ ಗೋಡೆಯ ಹಾಡು ಜಗುಲಿಯ ಮೇಲೆ ಶುರುವಾಯಿತು. ಆಕೆ ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರ ಕೈ ನಿಂತಿತು.

“ಇದನ್ಯಾಕೆ ಇಟ್ಕಂಡಿದ್ರಿ?”

ಇಷ್ಟವಾಯಿತು ಅಂತ ಎಂದು ಹೇಳಬಹುದಿತ್ತು, ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಆದರೆ ಆ ಮನೆಯಲ್ಲಿ ಕೂತು ಅರ್ಧ ಸತ್ಯ ಹೇಳಲು ಬಾಯಿ ಬರಲಿಲ್ಲ. ಸಾಕ್ಷಿಗೆ ಅಂತ ಇಟ್ಟುಕೊಂಡಿದ್ದೆ ಎಂದೆ.

“ಅಳಿಸ್ಬುಡಿ. ನನ್ ಮುಂದೇನೇ.”

ಉಳಿದಿರುವುದು ಇದೊಂದೇ, ಬೇಡ ಕಣಮ್ಮ, ಯಾರಿಗೂ ಕೇಳಿಸುವುದಿಲ್ಲ ಎಂದೆ. ಆಕೆ ನನ್ನ ಬೆರಳನ್ನೇ ನೋಡುತ್ತಿದ್ದರು. ಅಳಿಸಿದೆ. ಸಾಲದು ಎಂದು ಆಕೆ ಫೋನು ಕೈಗೆ ಇಸಿದುಕೊಂಡು, ಅಳಿಸಿದ್ದು ಹೋಗಿ ಕೂರುವ ಜಾಗವನ್ನೂ ತೆರೆದು ನೋಡಿ, ಅಲ್ಲಿಂದಲೂ ತೆಗೆದರು. ನಮ್ಮ ಗುಂಪನ್ನು ತೆರೆದು ಬೆರಳಾಡಿಸಿದರು. ನನ್ನ ಹೆಂಡತಿಗೆ ಕಳಿಸಿದ್ದೇನೆಯೋ ಎಂದು ಅವಳಿಗೆ ಕಳಿಸಿದ ಸಂದೇಶಗಳನ್ನೂ ನೋಡಿದರು.

ಫೋನು ವಾಪಸು ಕೊಡುತ್ತ, ಇನ್ನೆಲ್ಲೂ ಇಟ್ಟುಕೊಂಡಿಲ್ಲ ತಾನೇ ಎಂದು ಕೇಳಿದರು. ಇಲ್ಲ ಎಂದೆ. ನಿಜವಾಗಿಯೂ ಇರಲಿಲ್ಲ. ಆಕೆ ಮೇಷ್ಟ್ರ ಕಡೆ ತಿರುಗಿದರು.

“ನಂಬಬೋದಾ ಅಣ್ಣಯ್ಯ?”

ಎಷ್ಟೋ ಭಾನುವಾರ ನನ್ನ ಎದುರು ಕೂತು ಟೀ ಕುಡಿದಿದ್ದ ಮೇಷ್ಟ್ರು ತಲೆ ತಗ್ಗಿಸಿ, ಮೊರದಲ್ಲಿದ್ದ ಅವರೆಕಾಯಿಗೆ ಕೈ ಹಾಕಿ ಬಿಡಿಸತೊಡಗಿದರು.