ಹುಳುಗಳು ಒಪ್ಪಿದ ಲೋಷನ್

ಗೆಳೆಯರೇ, ಇವತ್ತು ಬೆಳಿಗ್ಗೆ ಮುಳಬಾಗಿಲಿನ ಮೆಡಿಕಲ್ ಸ್ಟೋರಿನಲ್ಲಿ ನನ್ನ ಮಾನ ಹೋಯಿತು. ಒಣಗಿ ಬಿರಿದ ಕೈ ತೋರಿಸಿ, "ವಾಸನೆ ಇಲ್ಲದ ಬಾಡಿ ಲೋಷನ್ ಕೊಡಿ, ಕಡಿಮೆ ರೇಟಿಂದು" ಎಂದೆ.

ಅಂಗಡಿಯ ಸಾಬರು ಮೊದಲು ಗುಲಾಬಿಯದನ್ನು ತೆಗೆದರು, ಆಮೇಲೆ ಮಲ್ಲಿಗೆಯದನ್ನು. "ಘಮ ಇಲ್ದಿದ್ರೆ ದುಡ್ಡು ಯಾಕಮ್ಮಾ ಕೊಡ್ತೀರಾ? ಯಾರಿಗಾದ್ರೂ ಅಲರ್ಜಿನಾ?"

"ಹೂಂ, ಮನೇಲಿರೋ ಹುಳುಗಳಿಗೆ."

ಅವರು ದನಿ ತಗ್ಗಿಸಿದರು. "ಹೊಟ್ಟೆ ಹುಳಾನಾ? ಅದಕ್ಕೆ ಮಾತ್ರೆ ಐತೆ."

ಪಕ್ಕದಲ್ಲಿದ್ದ ನಮ್ಮತ್ತೆಗೆ ತಡೆಯಲಾಗಲಿಲ್ಲ. "ಅಯ್ಯೋ ದೇವುಡಾ! ರೇಷ್ಮೆ ಹುಳು ಕಣಪ್ಪಾ! ಇವಳು ಮಲ್ಲಿಗೆ ಬಳ್ಕೊಂಡು ಸೊಪ್ಪು ಹಾಕಿದ್ರೆ ಒಂದೂ ಬಾಯಿ ಇಡಲ್ಲ. ಗೂಡು ಕಟ್ಟೋಕೆ ಇನ್ನ ನಾಲ್ಕೇ ದಿನ ಐತೆ!"

ಇಡೀ ಅಂಗಡಿ ನಕ್ಕಿತು. ಸಾಬರೂ ನಗುತ್ತಲೇ ಕೆಳಗಿನ ಕಪಾಟಿನಿಂದ ಧೂಳು ಹಿಡಿದ ಬಿಳಿ ಬಾಟಲಿ ತೆಗೆದರು. ವಾಸನೆಯೇ ಇಲ್ಲ, ಗುಲಾಬಿಯದಕ್ಕಿಂತ ಅಗ್ಗ ಬೇರೆ.

ಮನೆಗೆ ಬಂದು ಹಚ್ಚಿಕೊಂಡೆ. ಉರಿ ನಿಂತಿತು. ಹುಳುಮನೆಯ ಬಾಗಿಲಲ್ಲಿ ಅತ್ತೆ ತಡೆದು, ನನ್ನ ಕೈಯನ್ನು ಮೂರು ಸಲ ಮೂಸಿ ಒಳಗೆ ಬಿಟ್ಟರು. ಸೊಪ್ಪು ಹಾಕಿದ್ದೇ ತಡ, ಹುಳುಗಳು ಸರಸರ ಮೇಯತೊಡಗಿದವು.

"ಬಾಳ ಚೆನ್ನಾಗೈತೆ ಕಣೇ" ಎಂದರು ಅತ್ತೆ. ಮದುವೆಯಾಗಿ ಒಂಬತ್ತು ವರ್ಷಕ್ಕೆ ನನಗೆ ಸಿಕ್ಕ ಮೊದಲ ಹೊಗಳಿಕೆ ಇದು, ಅದೂ ನನ್ನಿಂದ ಯಾವ ವಾಸನೆಯೂ ಬರುತ್ತಿಲ್ಲವೆಂದು.